ಐದು ಸೆಕೆಂಡು ಬಾಕಿ ಇರುವಾಗ

2023ರ ಅಕ್ಟೋಬರ್ 21, ಶನಿವಾರ. ನವರಾತ್ರಿಯ ಗಡಿಬಿಡಿ, ಶಾಲೆಗೆ ರಜೆ ಬೇರೆ. ಆದರೂ ಬೆಳಿಗ್ಗೆ ಏಳೂವರೆಗೆ ನಮ್ಮ ಹೈಟೆಕ್ ತರಗತಿಯ ಬಾಗಿಲಲ್ಲಿ 26 ಜೊತೆ ಚಪ್ಪಲಿ ಇತ್ತು. ಎಂಟನೇ ತರಗತಿಯ ಮಕ್ಕಳು. ಒಬ್ಬ ಹುಡುಗ ಬಸ್ಸಿಗೆ ಕಾದರೆ ತಡವಾಗುತ್ತದೆಂದು ಮೂರು ಕಿಲೋಮೀಟರ್ ನಡೆದೇ ಬಂದಿದ್ದ. "ಗಗನಯಾನದ ಮೊದಲ ಪರೀಕ್ಷಾ ಹಾರಾಟ, ಟಿವಿ-ಡಿ1, ಸರಿಯಾಗಿ ಎಂಟು ಗಂಟೆಗೆ" ಅಂತ ಹಿಂದಿನ ವಾರ ನಾನೇ ಕರಿಹಲಗೆಯ ಮೂಲೆಯಲ್ಲಿ ಬರೆದಿದ್ದೆ. ಟಿವಿ-ಡಿ1 ಅಂದರೆ ದೂರದರ್ಶನದ ಹೊಸ ಚಾನೆಲ್ಲಾ ಎಂದು ಕೇಳಿದವರೂ ಇದ್ದರು. ಅಲ್ಲ ಮಾರಾಯರೇ, ಟಿವಿ ಅಂದರೆ ಟೆಸ್ಟ್ ವೆಹಿಕಲ್, ಪರೀಕ್ಷೆಗೆಂದೇ ಮಾಡಿದ ರಾಕೆಟ್ ಎಂದು ತಿಳಿಸಿ ಹೇಳಬೇಕಾಯ್ತು.

ರಾಯದುರ್ಗ, ಮಡಕಶಿರಾ ಕಡೆಯ ಶಿಕ್ಷಕ ಮಿತ್ರರಿಗೆ ಶ್ರೀಹರಿಕೋಟಾ ತಮ್ಮದೇ ರಾಜ್ಯದ ಊರು. ಕಾಸರಗೋಡಿನ ನಮಗೆ ಅದು ದೇಶದ ಆಚೆ ಬದಿಯ ಕಡಲು. ಅಲ್ಲಿನ ವೀಕ್ಷಣಾ ಗ್ಯಾಲರಿಯಲ್ಲಿ ಕೂತು ರಾಕೆಟ್ ನೋಡುವ ಆಸೆ ನನಗೂ ಉಂಟು, ಮಕ್ಕಳಿಗೂ ಉಂಟು. ಸದ್ಯಕ್ಕೆ ಪ್ರೊಜೆಕ್ಟರ್, ಯೂಟ್ಯೂಬ್, ಮತ್ತು ಕರೆಂಟು ಹೋಗಬಾರದೆಂಬ ಪ್ರಾರ್ಥನೆ, ಇಷ್ಟೇ ನಮ್ಮ ಗ್ಯಾಲರಿ.

ಪರದೆಯ ಮೇಲೆ ಬಂದ ರಾಕೆಟ್ ನೋಡಿ ಮಕ್ಕಳಿಗೆ ಸ್ವಲ್ಪ ನಿರಾಸೆಯಾಯ್ತು. ಅದಕ್ಕೆ ಮೂರು ತಿಂಗಳ ಹಿಂದೆ ಚಂದ್ರಯಾನ-3ನ್ನು ಹೊತ್ತು ಹೋದ ದೈತ್ಯನನ್ನು ಅವರು ನೋಡಿದ್ದರು. ಇದು 35 ಮೀಟರ್ ಎತ್ತರ, 44 ಟನ್ ತೂಕ, ಒಂದೇ ಹಂತ, ಕೆಳಗೆ ಒಂದೇ ವಿಕಾಸ್ ಎಂಜಿನ್. ತಲೆಯ ಮೇಲೆ ಮಾತ್ರ ಸೂಜಿಯಂತೆ ಒಂದು ಗೋಪುರ. "ಒಳಗೆ ಯಾರಿದ್ದಾರೆ ಟೀಚರ್?" ಯಾರೂ ಇಲ್ಲ. "ಅಂತರಿಕ್ಷಕ್ಕೆ ಹೋಗ್ತದಾ?" ಇಲ್ಲ. ಹನ್ನೆರಡು ಕಿಲೋಮೀಟರ್ ಹೋಗುವಷ್ಟರಲ್ಲಿ, ಎಲ್ಲ ಕೆಟ್ಟುಹೋಯಿತು ಎಂದು ನಟಿಸಿ, ಮೇಲಿನ ಕೋಶವನ್ನು ಕಿತ್ತುಕೊಂಡು ಸಮುದ್ರಕ್ಕೆ ಇಳಿಸುತ್ತಾರೆ. "ಅಷ್ಟಕ್ಕೆ ಇಷ್ಟು ದೊಡ್ಡ ಕೆಲಸವಾ!" ಎಂದಳು ಮುಂದಿನ ಬೆಂಚಿನವಳು.

ಆ ಅಷ್ಟಕ್ಕೇ ಈ ಇಡೀ ಕೆಲಸ. ಯಾತ್ರಿಗಳು ಕೂರುವ ಕೋಶದ ನೆತ್ತಿಯ ಮೇಲಿನ ಆ ಗೋಪುರಕ್ಕೆ ಕ್ರೂ ಎಸ್ಕೇಪ್ ಸಿಸ್ಟಮ್ ಎಂದು ಹೆಸರು. ನಾವು ತರಗತಿಯಲ್ಲಿ ಪಾರುಗೋಪುರ ಎಂದು ಕರೆದೆವು. ಅದರೊಳಗೆ ಘನ ಇಂಧನದ ಮೋಟಾರುಗಳಿರುತ್ತವೆ. ದ್ರವ ಇಂಧನಕ್ಕೆ ಪಂಪು ತಿರುಗಬೇಕು, ಒತ್ತಡ ಏರಬೇಕು. ಘನ ಇಂಧನಕ್ಕೆ ಕಿಡಿ ತಾಗಿದರೆ ಸಾಕು, ನಮ್ಮ ದೀಪಾವಳಿ ರಾಕೆಟಿನ ಹಾಗೆ ಹೊರಟೇಬಿಡುತ್ತದೆ. ಕೆಳಗಿನ ರಾಕೆಟಿಗೆ ಬೆಂಕಿ ಬಿದ್ದರೆ ಅಥವಾ ದಾರಿ ತಪ್ಪಿದರೆ ಈ ಮೋಟಾರುಗಳು ಕೋಶವನ್ನು ಎಳೆದುಕೊಂಡು ದೂರ ಓಡುತ್ತವೆ. ಆಮೇಲೆ ಗೋಪುರ ಕಳಚಿಕೊಳ್ಳುತ್ತದೆ, ಪ್ಯಾರಾಚೂಟು ಬಿಚ್ಚುತ್ತದೆ.

ನಿಂತಲ್ಲಿಂದಲೇ ಹೀಗೆ ಪಾರಾಗುವ ಪರೀಕ್ಷೆಯನ್ನು ಇಸ್ರೋ 2018ರ ಜುಲೈ 5ರಂದು ಮಾಡಿಯಾಗಿತ್ತು. 259 ಸೆಕೆಂಡುಗಳಲ್ಲಿ ಮುಗಿದಿತ್ತು. ಹಾರುತ್ತಿರುವಾಗ ಪಾರಾಗುವುದು ಬೇರೆಯೇ ಲೆಕ್ಕ. ಇದನ್ನು ಹಲಗೆಯ ಮೇಲೆ ಮಾಡಿ ತೋರಿಸಿದೆ, ನೀವೂ ಮಾಡಬಹುದು. ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಉಷ್ಣತೆ ಸೊನ್ನೆಗಿಂತ 56 ಡಿಗ್ರಿ ಕೆಳಗೆ, ಶಬ್ದದ ವೇಗ ಸೆಕೆಂಡಿಗೆ ಸುಮಾರು 295 ಮೀಟರ್. ರಾಕೆಟಿನ ವೇಗ ಅದರ 1.2 ಪಟ್ಟು, ಅಂದರೆ ಸುಮಾರು 354 ಮೀಟರ್. ಅಲ್ಲಿ ಗಾಳಿಯ ಸಾಂದ್ರತೆ ನೆಲದಲ್ಲಿರುವುದರ ಕಾಲು ಭಾಗ, ಘನ ಮೀಟರಿಗೆ 0.31 ಕಿಲೋಗ್ರಾಂ. ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿ. ಉತ್ತರ ಸುಮಾರು 19,400 ಪಾಸ್ಕಲ್. ಒಂದು ಚದರ ಮೀಟರ್ ಜಾಗದ ಮೇಲೆ ಎರಡು ಟನ್ ಭಾರ ಒತ್ತಿದ ಹಾಗೆ! ಗಾಳಿ ತೆಳುವಾಗಿದೆ ನಿಜ, ಆದರೆ ವೇಗ ವರ್ಗವಾಗಿ ಬರುತ್ತದಲ್ಲ, ಅದು ಸೇಡು ತೀರಿಸಿಕೊಳ್ಳುತ್ತದೆ. ಜೊತೆಗೆ ಶಬ್ದದ ವೇಗ ದಾಟುವ ಹೊತ್ತಿನಲ್ಲಿ ಗಾಳಿಯ ವರ್ತನೆಯೇ ಬದಲಾಗುತ್ತದೆ. ಅಂಥ ಜಾಗದಲ್ಲಿ, ಇನ್ನೂ ಮೇಲೇರುತ್ತಿರುವ ರಾಕೆಟಿನಿಂದ ನಾಲ್ಕೂವರೆ ಟನ್ನಿನ ಕೋಶವನ್ನು ನೆಟ್ಟಗೆ ಎಳೆದುಕೊಂಡು ಹೋಗಬೇಕು. ಮುಂದಿನ ಬೆಂಚಿನವಳು ಪಾಸ್ಕಲ್ ಲೆಕ್ಕ ಮುಗಿಯುವವರೆಗೂ ಮತ್ತೆ ಮಾತಾಡಲಿಲ್ಲ.

ಎಂಟಕ್ಕೆ ಹಾರಲಿಲ್ಲ. ಅಲ್ಲಿ ಮಳೆ, ಮೋಡ. ಎಂಟೂವರೆ ಅಂದರು. ಮತ್ತೆ 8:45 ಅಂದರು. ಮಕ್ಕಳು ಚಡಪಡಿಸಿದರು, ಬಿಸ್ಕತ್ತಿನ ಪೊಟ್ಟಣಗಳು ಖಾಲಿಯಾದವು. ಕೊನೆಗೂ ಎಣಿಕೆ ಶುರುವಾಯಿತು. ಇಂಗ್ಲಿಷಿನಲ್ಲಿ ಅವರು ಎಣಿಸಿದ್ದನ್ನು ನಮ್ಮವರು ಕನ್ನಡದಲ್ಲಿ ಕೂಗುತ್ತಿದ್ದರು. ಹತ್ತು, ಒಂಬತ್ತು, ಎಂಟು... ಐದು. ಅಷ್ಟೇ. ಪರದೆಯ ಮೇಲೆ ಗಡಿಯಾರ ನಿಂತಿತು. ನಮ್ಮ ತರಗತಿಯಲ್ಲಿ ಇಬ್ಬರು ಅಭ್ಯಾಸಬಲದಿಂದ "ನಾಲ್ಕು, ಮೂರು" ಎಂದು ಮುಂದುವರಿಸಿ, ಬೇರೆ ಯಾರೂ ಕೂಗುತ್ತಿಲ್ಲವೆಂದು ಗೊತ್ತಾಗಿ ನಿಲ್ಲಿಸಿದರು.

"ಹೋಲ್ಡ್" ಎಂಬ ಪದ ಕೇಳಿಸಿತು. ಆಗಿನ ಇಸ್ರೋ ಅಧ್ಯಕ್ಷ ಸೋಮನಾಥ್ ಅವರು ಬಂದು ವಿವರಿಸಿದರು. ಎಂಜಿನ್ ಅಂದುಕೊಂಡಂತೆ ಹೊತ್ತಿಕೊಂಡಿಲ್ಲ, ವಾಹನ ಸುರಕ್ಷಿತವಾಗಿದೆ, ಹತ್ತಿರ ಹೋಗಿ ನೋಡಬೇಕು, ಇವತ್ತು ಈ ಪ್ರಯತ್ನ ಆಗಲಿಲ್ಲ ಎಂಬ ಅರ್ಥದ ಮಾತು. ತರಗತಿ ಮೌನವಾಯಿತು. ಹಿಂದಿನಿಂದ ಒಬ್ಬ ಮೆಲ್ಲಗೆ, "ಫೇಲಾ ಟೀಚರ್?" ಎಂದ.

ಅಲ್ಲಿ ನಾನೊಂದು ತಪ್ಪು ಮಾಡಿದೆ. ಬೇಸರದಲ್ಲಿ, "ಇವತ್ತಿಗೆ ಇಷ್ಟೇ ಮಕ್ಕಳೇ, ಮನೆಗೆ ಹೋಗಿ" ಎಂದೆ. ಪ್ರೊಜೆಕ್ಟರ್ ಆರಿಸಿ ವೈರು ಸುತ್ತುತ್ತಿರುವಾಗ ಶಿಕ್ಷಕರ ಗುಂಪಿನಲ್ಲಿ ಸಂದೇಶ ಬಂತು: ಕಾರಣ ಸಿಕ್ಕಿದೆ, ಸರಿಪಡಿಸಿದ್ದಾರೆ, ಹತ್ತು ಗಂಟೆಗೆ ಉಡಾವಣೆ. ಅಂಗಳಕ್ಕೆ ಓಡಿದೆ. ಬಸ್ಸಿಗೆ ಕಾಯುತ್ತಾ ಕಬಡ್ಡಿ ಆಡುತ್ತಿದ್ದ ಐವರು ಮಾತ್ರ ಉಳಿದಿದ್ದರು.

ಆ ಐವರು ಮತ್ತು ನಾನು ಸರಿಯಾಗಿ ಹತ್ತಕ್ಕೆ ಅದು ಹಾರುವುದನ್ನು ನೋಡಿದೆವು. ಒಂದು ನಿಮಿಷವಾಗುತ್ತಿದ್ದಂತೆ ಗೋಪುರದ ಮೋಟಾರುಗಳು ಉರಿದವು, ಕೋಶ ರಾಕೆಟನ್ನು ಬಿಟ್ಟು ಸುಮಾರು 17 ಕಿಲೋಮೀಟರಿನವರೆಗೆ ಏರಿತು. ಆಮೇಲೆ ಗೋಪುರ ಕಳಚಿಕೊಂಡು, ಪ್ಯಾರಾಚೂಟುಗಳು ಒಂದೊಂದಾಗಿ ಬಿಚ್ಚಿಕೊಂಡವು. ಕರಾವಳಿಯಿಂದ ಸುಮಾರು ಹತ್ತು ಕಿಲೋಮೀಟರ್ ಆಚೆ ಬಂಗಾಳ ಕೊಲ್ಲಿಯಲ್ಲಿ ಇಳಿಯಿತು. ಇಡೀ ಪ್ರಯಾಣ ಒಂಬತ್ತು ನಿಮಿಷದ ಆಸುಪಾಸು. ನೌಕಾಪಡೆಯ ಐಎನ್‌ಎಸ್ ಶಕ್ತಿ ಹಡಗು ಅದನ್ನು ಎತ್ತಿಕೊಂಡು ಚೆನ್ನೈ ಬಂದರಿಗೆ ತಂದಿತು.

ನಡೆದು ಬಂದಿದ್ದ ಹುಡುಗ ಆಗ ನಡೆದು ವಾಪಸು ಹೋಗುತ್ತಿದ್ದ. ಬುಧವಾರ ಶಾಲೆ ತೆರೆದಾಗ ನನ್ನ ಮೇಜಿನ ಹತ್ತಿರ ಬಂದು, ಸಿಟ್ಟಿಲ್ಲದೆ, ನಿಜಕ್ಕೂ ತಿಳಿದುಕೊಳ್ಳುವ ಧ್ವನಿಯಲ್ಲಿ ಕೇಳಿದ: "ಅವರು ನಿಲ್ಲಿಸಿದ್ದು ಸರಿ. ನೀವು ಯಾಕೆ ಕಾಯಲಿಲ್ಲ ಟೀಚರ್?"

ಉತ್ತರ ಹೇಳಲು ಆಗಲಿಲ್ಲ. ಅದರ ಬದಲು ಎರಡು ಪಿರಿಯಡ್ ತೆಗೆದುಕೊಂಡು, ನಿಲ್ಲಿಸುವುದು ಅಂದರೆ ಏನು ಎಂಬುದನ್ನೇ ಪಾಠ ಮಾಡಿದೆ. ಪಠ್ಯಪುಸ್ತಕದಲ್ಲಿ ಅದಕ್ಕೆ ಅಧ್ಯಾಯ ಇಲ್ಲ, ಹಾಗಾಗಿ ಮುಖ್ಯೋಪಾಧ್ಯಾಯರಿಗೆ ಹೇಳಲೂ ಇಲ್ಲ.

ಕೊನೆಯ ನಿಮಿಷಗಳಲ್ಲಿ ಎಣಿಕೆ ನಡೆಸುವುದು ಮನುಷ್ಯರಲ್ಲ, ಕಂಪ್ಯೂಟರ್. ಪ್ರತಿಯೊಂದು ಅಳತೆಯೂ ನಿಗದಿತ ಮಿತಿಯೊಳಗೆ ಇದೆಯಾ ಎಂದು ಅದು ನೋಡುತ್ತಾ ಹೋಗುತ್ತದೆ. ಒಂದು ಮಿತಿ ಮೀರಿದರೂ ನಿಲ್ಲಿಸುತ್ತದೆ. ನೇರ ಪ್ರಸಾರ ಇದೆ, ದೇಶ ನೋಡುತ್ತಾ ಇದೆ ಎಂಬುದೆಲ್ಲ ಅದಕ್ಕೆ ಲೆಕ್ಕಕ್ಕಿಲ್ಲ. ಅವತ್ತು ಸಿಕ್ಕಿದ್ದು ನಿಗಾ ವ್ಯವಸ್ಥೆಯಲ್ಲಿನ ಒಂದು ಏರುಪೇರು, ರಾಕೆಟಿನ ದೊಡ್ಡ ದೋಷವೇನಲ್ಲ. ಆದರೆ ಐದು ಸೆಕೆಂಡು ಬಾಕಿ ಇರುವಾಗ ಅದು ಸಣ್ಣದಾ ದೊಡ್ಡದಾ ಎಂದು ಯಾರಿಗೆ ಗೊತ್ತು? ದ್ರವ ಇಂಧನದ ಎಂಜಿನ್ ಆದ್ದರಿಂದ ಹಾಗೆ ನಿಲ್ಲಿಸಲೂ ಸಾಧ್ಯವಾಯಿತು. ಪಿಎಸ್‌ಎಲ್‌ವಿಯ ಮೊದಲ ಹಂತದಂಥ ಘನ ಇಂಧನಕ್ಕೆ ಒಮ್ಮೆ ಕಿಡಿ ತಾಗಿತೆಂದರೆ ಮತ್ತೆ ತಿರುಗಿ ನೋಡುವ ಮಾತಿಲ್ಲ.

ಮಕ್ಕಳು ಮೈಮರೆತು ಕೇಳಿದ್ದು 1983ರ ಸೆಪ್ಟೆಂಬರ್ 26ರ ಕಥೆ. ಬೈಕನೂರಿನಲ್ಲಿ ಸೋಯುಜ್ ರಾಕೆಟಿನ ಮೇಲೆ ಇಬ್ಬರು ಸೋವಿಯತ್ ಗಗನಯಾತ್ರಿಗಳು, ವ್ಲಾದಿಮಿರ್ ತಿತೋವ್ ಮತ್ತು ಗೆನ್ನಾದಿ ಸ್ತ್ರೆಕಲೋವ್, ಕೂತಿದ್ದರು. ಹೊರಡಲು ಸುಮಾರು ಒಂದೂವರೆ ನಿಮಿಷ ಇರುವಾಗ ಬುಡದಲ್ಲಿ ಬೆಂಕಿ. ತಂತಿಗಳೇ ಸುಟ್ಟುಹೋದ್ದರಿಂದ ತಾನಾಗಿ ಹೋಗಬೇಕಾದ ಆಜ್ಞೆ ಹೋಗಲಿಲ್ಲ. ನಿಯಂತ್ರಣ ಕೇಂದ್ರದಲ್ಲಿ ಇಬ್ಬರು ಬೇರೆ ಬೇರೆ ಗುಂಡಿಗಳನ್ನು ಒಟ್ಟಿಗೆ ಒತ್ತಿ ರೇಡಿಯೋ ಮೂಲಕ ಪಾರುಗೋಪುರಕ್ಕೆ ಆಜ್ಞೆ ಕಳಿಸಬೇಕಾಯಿತು. ಕೋಶ ಮೇಲಕ್ಕೆ ಚಿಮ್ಮಿ ಎರಡು ಸೆಕೆಂಡಾಗಿತ್ತಷ್ಟೆ, ಕೆಳಗೆ ರಾಕೆಟ್ ಸಿಡಿಯಿತು. ಐದು ಸೆಕೆಂಡಿನಷ್ಟು ಹೊತ್ತು ಅವರ ಮೈಮೇಲೆ ಗುರುತ್ವದ 14ರಿಂದ 17 ಪಟ್ಟು ಬಲ ಬಿದ್ದಿತ್ತು. 40 ಕಿಲೋ ತೂಕದ ನಮ್ಮ ಎಂಟನೆಯ ಹುಡುಗನಿಗೆ ತಾನು 600 ಕಿಲೋ ಇದ್ದೇನೆ ಅನಿಸುವ ಹಾಗೆ. ಮೈಯೆಲ್ಲ ನುಜ್ಜಾದ ಅನುಭವ, ಆದರೆ ಇಬ್ಬರೂ ಬದುಕಿದರು.

ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಇದರಲ್ಲಿ ನಮ್ಮದೂ ಒಂದು ಕೊಂಡಿ ಉಂಟು. ಆರು ತಿಂಗಳ ಬಳಿಕ, 1984ರ ಏಪ್ರಿಲ್ 3ರಂದು, ಸೋಯುಜ್ ಟಿ-11ರಲ್ಲಿ ರಾಕೇಶ್ ಶರ್ಮಾ ಹೋದರಲ್ಲ, ಅವರ ಜೊತೆ ಇದ್ದ ಇಬ್ಬರಲ್ಲಿ ಒಬ್ಬರು ಇದೇ ಸ್ತ್ರೆಕಲೋವ್. ಬೆಂಕಿಯಿಂದ ಎದ್ದು ಬಂದ ಮನುಷ್ಯ ಮತ್ತೆ ಅದೇ ಜಾತಿಯ ರಾಕೆಟ್ ಹತ್ತಿ, ಪಕ್ಕದಲ್ಲಿ ನಮ್ಮವರನ್ನು ಕೂರಿಸಿಕೊಂಡು ಹೋದ. ರಾಕೇಶ್ ಶರ್ಮಾ ಹೆಸರು ಕ್ವಿಜ್‌ಗಾಗಿ ಬಾಯಿಪಾಠ ಮಾಡಿದ್ದ ಮಕ್ಕಳು ಈಗ ಸ್ತ್ರೆಕಲೋವ್ ಹೆಸರನ್ನು ನೋಟ್‌ಬುಕ್ಕಿನ ಹಿಂದೆ ಬರೆದುಕೊಂಡರು. ಕಾಗುಣಿತ ಒಬ್ಬೊಬ್ಬರದು ಒಂದೊಂದು ತರಹ.

ಇನ್ನೊಂದು ಕಥೆ ಹೇಳಬೇಕಾ ಬೇಡವಾ ಎಂದು ಯೋಚಿಸಿದೆ. 1986ರ ಜನವರಿ 28, ಚಾಲೆಂಜರ್ ನೌಕೆ. ಏಳು ಜನರಲ್ಲಿ ಕ್ರಿಸ್ಟಾ ಮೆಕಾಲಿಫ್ ಒಬ್ಬರು, ನಮ್ಮ ಹಾಗೆಯೇ ಹೈಸ್ಕೂಲ್ ಟೀಚರ್. ಟೀಚರ್ ಅಂತರಿಕ್ಷಕ್ಕೆ ಹೋಗುತ್ತಾರೆಂದು ಅಮೆರಿಕದ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಟಿವಿ ಮುಂದೆ ಕೂತಿದ್ದರು, ನಾವು ಕೂತ ಹಾಗೆಯೇ. 73ನೇ ಸೆಕೆಂಡಿನಲ್ಲಿ ನೌಕೆ ಚೂರಾಯಿತು. ಹಿಂದಿನ ರಾತ್ರಿ ಬೂಸ್ಟರ್ ತಯಾರಿಸಿದ ಕಂಪನಿಯ ಎಂಜಿನಿಯರುಗಳು, ಸುಮಾರು 12 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಹಾರಿಸಬೇಡಿ, ರಬ್ಬರ್ ಉಂಗುರಗಳು ಗಟ್ಟಿಯಾಗಿ ಸೋರಬಹುದು ಎಂದು ವಾದಿಸಿದ್ದರು. ಬೆಳಿಗ್ಗೆ ಉಡಾವಣಾ ಕಟ್ಟೆಯಲ್ಲಿ ಮಂಜುಗಡ್ಡೆ ನೇತಾಡುತ್ತಿತ್ತು. ಆಗಲೇ ಹಲವು ಸಲ ಮುಂದೂಡಿಯಾಗಿದೆ, ಇನ್ನೂ ಎಷ್ಟು ಕಾಯುವುದು ಎಂಬ ಒತ್ತಡ. ಆ ನೌಕೆಗೆ ಪಾರುಗೋಪುರವೂ ಇರಲಿಲ್ಲ. ಹೇಳಿದೆ, ಕೊನೆಗೆ. ನಿಜ ಹೇಳಬೇಕೆಂದರೆ, ಹತ್ತು ಗಂಟೆಗೆ ಆ ಐವರ ಜೊತೆ ಪರದೆ ನೋಡುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಇದೇ. ಒಳಗೆ ಯಾರೂ ಇಲ್ಲ ಎಂಬುದು ಎಷ್ಟು ಸಮಾಧಾನದ ವಿಷಯ ಎಂದು ಆಗ ಗೊತ್ತಾಯಿತು.

ವಾತಾವರಣ ತಿಳಿಮಾಡಲು ಒಂದು ತಮಾಷೆಯ ಕಥೆಯೂ ಇತ್ತು. 1965ರ ಮೇ 19ರಂದು ನ್ಯೂ ಮೆಕ್ಸಿಕೋದಲ್ಲಿ ಅಪೋಲೋ ಕೋಶದ ಪಾರುಗೋಪುರವನ್ನು ಪರೀಕ್ಷಿಸಲು ಲಿಟಲ್ ಜೋ ಎಂಬ ರಾಕೆಟನ್ನು ಹಾರಿಸಿದರು. ತುಂಬ ಎತ್ತರಕ್ಕೆ ಹೋದ ಮೇಲೆ ಅಪಾಯದ ನಾಟಕ ಮಾಡುವುದೆಂದು ಯೋಜನೆ. ರಾಕೆಟ್ ಅಷ್ಟು ಹೊತ್ತು ಕಾಯಲಿಲ್ಲ. ಹೊರಟ ಕೂಡಲೇ ಬುಗುರಿಯಂತೆ ಸುತ್ತಿ ನಿಜವಾಗಿಯೇ ಚೂರಾಯಿತು. ಪಾರುಗೋಪುರ ನಿಜವಾಗಿಯೇ ಕೋಶವನ್ನು ಕಾಪಾಡಿತು. ರಾಕೆಟ್ ಫೇಲು, ಪರೀಕ್ಷೆ ಪಾಸು.

ಪ್ಯಾರಾಚೂಟಿನ ಬಗ್ಗೆಯೂ ಎರಡು ಮಾತು, ಯಾಕೆಂದರೆ ಮಕ್ಕಳಿಗೆ ಹೆಚ್ಚು ಹಿಡಿಸಿದ್ದು ಅದು. ಆಗ್ರಾದ ಡಿಆರ್‌ಡಿಒ ಪ್ರಯೋಗಾಲಯದವರು ಮಾಡಿದ ಹತ್ತು ಪ್ಯಾರಾಚೂಟುಗಳು ಆ ಕೋಶದಲ್ಲಿದ್ದವು. ಮುಚ್ಚಳ ತೆಗೆಯಲು ಎರಡು, ಅಲುಗಾಟ ನಿಲ್ಲಿಸಿ ವೇಗ ತಗ್ಗಿಸಲು ಎರಡು, ದೊಡ್ಡವನ್ನು ಹೊರಗೆಳೆಯಲು ಮೂರು, ಆಮೇಲೆ ಮೂರು ದೊಡ್ಡವು. ದೊಡ್ಡವು ಎರಡು ಬಿಚ್ಚಿದರೂ ಸಾಕು, ಮೂರನೆಯದು ಧೈರ್ಯಕ್ಕೆ. 1971ರಲ್ಲಿ ಅಪೋಲೋ 15 ಹಿಂದಿರುಗುವಾಗ ಒಂದು ಕೈಕೊಟ್ಟು, ಎರಡರಲ್ಲೇ ಮೂವರೂ ಕ್ಷೇಮವಾಗಿ ಇಳಿದಿದ್ದರು. ನೀರಿಗೆ ತಾಗುವಾಗ ಗಗನಯಾನ ಕೋಶದ ವೇಗ ಸೆಕೆಂಡಿಗೆ 8.5 ಮೀಟರಿನ ಆಸುಪಾಸು ಇರಬೇಕು. ಇದು ಎಷ್ಟು ಎತ್ತರದಿಂದ ಬಿದ್ದ ಹಾಗೆ? ವೇಗದ ವರ್ಗವನ್ನು 2gಯಿಂದ ಭಾಗಿಸಿದರೆ 3.7 ಮೀಟರ್. "ಹಂಚಿನ ಮಾಡಿನಿಂದ ಕೆರೆಗೆ ಹಾರಿದ ಹಾಗೆ!" ಎಂದ ಒಬ್ಬ. ಅನುಭವ ಇದ್ದ ಹಾಗಿತ್ತು, ನಾನು ವಿಚಾರಿಸಲಿಲ್ಲ.

ಈಗ ನನ್ನ ಪ್ರಯೋಗಾಲಯದ ಕಥೆಗೆ ಬರುತ್ತೇನೆ. ನಮ್ಮಲ್ಲಿ ಓಮ್‌ನ ನಿಯಮದ ಪ್ರಯೋಗಕ್ಕೆ ಮಕ್ಕಳು ಬರುವ ಮೊದಲೇ ಫಲಿತಾಂಶ ಬಂದಿರುತ್ತದೆ. ಹಿಂದಿನ ವರ್ಷದವರ ರೆಕಾರ್ಡ್ ಇರುತ್ತದಲ್ಲ! ಅಮ್ಮೀಟರ್ ಏನೇ ತೋರಿಸಲಿ, ಕೋಷ್ಟಕದಲ್ಲಿ ಅಂಕಿಗಳು ಸೈನಿಕರಂತೆ ಸಾಲಾಗಿ ನಿಂತಿರುತ್ತವೆ, ಗ್ರಾಫ್ ನೂಲು ಹಿಡಿದಂತೆ ನೇರ. ನಾನೂ ಅದಕ್ಕೆ ಪೂರ್ಣ ಅಂಕ ಕೊಟ್ಟು ಬಂದವಳೇ. ಬಿ.ಎಸ್ಸಿ.ಯಲ್ಲಿ ನಾನು ಮಾಡಿದ್ದೂ ಬೇರೆ ಅಲ್ಲ. ಸೂಜಿ ಸರಿ ಇಲ್ಲ ಎಂದು ಹೇಳಿದ ಮಕ್ಕಳಿಗೆ "ಪಕ್ಕದವರದ್ದು ನೋಡಿ ಬರಿ" ಎಂದು ಎಷ್ಟು ಸಲ ಹೇಳಿದ್ದೇನೋ.

ಮರುವರ್ಷ ಅದೇ ಮಕ್ಕಳು ಒಂಬತ್ತಕ್ಕೆ ಬಂದರು. ಒಬ್ಬಳ ರೆಕಾರ್ಡಿನಲ್ಲಿ ಕೋಷ್ಟಕ ಖಾಲಿ. ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದಳು: "ಹೋಲ್ಡ್. ಸ್ವಿಚ್ ತೆಗೆದರೂ ಅಮ್ಮೀಟರ್ ಸೂಜಿ ಸೊನ್ನೆಗೆ ಬರುವುದಿಲ್ಲ. ಕಾರಣ ನೋಡಿದ ಮೇಲೆ ಮುಂದುವರಿಸುತ್ತೇನೆ." ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಆ ಅಮ್ಮೀಟರನ್ನು ಬಿಚ್ಚಿ ನೋಡಿದೆವು. ಸೂಜಿಯ ಬುಡದಲ್ಲಿ ತುಕ್ಕು. ಮೂರು ವರ್ಷಗಳಿಂದ ಅದೇ ಅಮ್ಮೀಟರಿನಲ್ಲಿ ಎಲ್ಲರಿಗೂ ಸರಿಯಾದ ಉತ್ತರ ಬರುತ್ತಿತ್ತು. ಈಗ ನಮ್ಮಲ್ಲಿ ಹೋಲ್ಡ್ ಬರೆದು ಕಾರಣ ಹುಡುಕಿದವರಿಗೂ ಅಂಕ ಉಂಟು. ಮಕ್ಕಳು ಇದನ್ನು ದುರುಪಯೋಗ ಮಾಡುವುದಿಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಮಾಡುತ್ತಾರೆ, ಕೆಲವರು. ಕಾರಣ ಬರೆಯದೆ ಹೋಲ್ಡ್ ಎಂದಷ್ಟೇ ಬರೆದರೆ ಸೊನ್ನೆ ಎಂದು ಹೇಳಿದ ಮೇಲೆ ಕಡಿಮೆಯಾಗಿದೆ.

2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಂತರಿಕ್ಷ ನಿಲ್ದಾಣಕ್ಕೆ ಹೊರಡುವಾಗ ದಿನಾಂಕ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಒಮ್ಮೆ ಹವಾಮಾನ, ಒಮ್ಮೆ ಫಾಲ್ಕನ್ ರಾಕೆಟಿನಲ್ಲಿ ದ್ರವ ಆಮ್ಲಜನಕದ ಸೋರಿಕೆ. ಕೊನೆಗೆ 25ರಂದು ಗ್ರೇಸ್ ಎಂಬ ಹೊಸ ಡ್ರ್ಯಾಗನ್ ಕೋಶದಲ್ಲಿ ಹೋದರು. ಸ್ಟಾಫ್ ರೂಮಿನಲ್ಲಿ "ಇನ್ನೂ ಹೋಗ್ಲಿಲ್ವಾ ಅವರು" ಎಂಬ ಗೊಣಗಾಟ ಕೇಳಿಸುತ್ತಿತ್ತು. ನನ್ನ ಹತ್ತನೇ ತರಗತಿಯಲ್ಲಿ ಯಾರೂ ಗೊಣಗಲಿಲ್ಲ. ಸೋರಿಕೆ ಎಲ್ಲಿ, ಹೇಗೆ ಪತ್ತೆ ಮಾಡಿದರು ಎಂದೇ ಕೇಳುತ್ತಿದ್ದರು.

ಇದನ್ನು ಬರೆಯುತ್ತಿರುವುದು 2025ರ ನವೆಂಬರಿನಲ್ಲಿ. ಆಗಸ್ಟ್ 24ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರಿನಿಂದ ಸುಮಾರು ಮೂರು ಕಿಲೋಮೀಟರ್ ಎತ್ತರದಲ್ಲಿ ಅಣಕು ಕೋಶವನ್ನು ಬಿಟ್ಟು ಪ್ಯಾರಾಚೂಟು ಪರೀಕ್ಷೆ ಮಾಡಿದ್ದಾರೆ. ಇನ್ನು ಕಾಯುತ್ತಿರುವುದು ಜಿ1, ಗಗನಯಾನದ ಮೊದಲ ಮಾನವರಹಿತ ಕಕ್ಷಾ ಹಾರಾಟ. ಈ ಸಲ ಕೋಶ ನಿಜವಾಗಿಯೇ ಭೂಮಿಯನ್ನು ಸುತ್ತಿ ಬರಬೇಕು, ಒಳಗೆ ವ್ಯೋಮಮಿತ್ರ ಎಂಬ ಯಂತ್ರಮಹಿಳೆ ಕೂತಿರುತ್ತಾಳೆ. ಅದು ಯಾವತ್ತು ಎಂದು ನನ್ನ ಕರಿಹಲಗೆಯ ಮೂಲೆಯಲ್ಲಿ ಈ ಸಲ ಬರೆದಿಲ್ಲ. "ಜಿ1: ಕಾಯುತ್ತಿದ್ದೇವೆ" ಎಂದಷ್ಟೇ ಇದೆ, ಗುಡಿಸುವ ಅಕ್ಕನಿಗೂ ಅದನ್ನು ಅಳಿಸಬೇಡಿ ಎಂದು ಹೇಳಿಯಾಗಿದೆ.

ನಿಮ್ಮ ಶಾಲೆಯಲ್ಲೂ ನೇರ ಪ್ರಸಾರ ತೋರಿಸುವುದಾದರೆ ಹಿಂದಿನ ದಿನವೇ ಲೆಕ್ಕಗಳನ್ನು ಮಾಡಿಸಿಡಿ, ವಿವರಣೆ ಇಂಗ್ಲಿಷ್ ಹಿಂದಿಯಲ್ಲಿ ಬರುವುದರಿಂದ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳಲು ಸಿದ್ಧರಾಗಿ, ಮತ್ತು ದಯವಿಟ್ಟು ಪ್ರೊಜೆಕ್ಟರ್ ಬೇಗ ಆರಿಸಬೇಡಿ. ನಾನಂತೂ ಎಲ್ಲರೂ ಮಧ್ಯಾಹ್ನದ ಬುತ್ತಿ ತರಬೇಕು ಎಂದು ಹೇಳಿದ್ದೇನೆ. ಅವತ್ತು ನಡೆದು ಬಂದು ನಡೆದೇ ಹೋಗಿದ್ದ ಹುಡುಗ ಈಗ ನನಗಿಂತ ಎತ್ತರ ಬೆಳೆದಿದ್ದಾನೆ. ಕೈ ಎತ್ತಿ ಕೇಳಿದ: "ರಾತ್ರಿಗೂ ತರ್ಬೇಕಾ ಟೀಚರ್?"